ಬ್ಯಾಂಕಾಕಲ್ಲಿ ಗೆಳೆಯರಿದ್ದಾರಾ? ಊರು ಸುತ್ತೋದಕ್ಕೆ ಅವರ ಸಹಾಯ ಹೀಗೆ ಪಡೆಯಿರಿ

ಬ್ಯಾಂಕಾಕಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಅವಳು ಅಲ್ಲಿ, ನಾನು ಬೆಂಗಳೂರಿನಲ್ಲಿ ಕೂತು ಮೂರು ವರ್ಷ ಒಂದೇ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದವರು. ಮೊದಲ ಸಲ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದಾಗ ಐದು ದಿನವೂ ಅವಳ ಬೆನ್ನಿಗೆ ಬಿದ್ದೆವು. ಪಾಪ, ಅವಳು ರಜೆ ಹಾಕಿದಳು, ಗಂಡನ ಕಾರು ತಂದಳು, ಅರಮನೆ ತೋರಿಸಿದಳು, ಮಾಲ್ ತೋರಿಸಿದಳು. ಅರ್ಧ ಹೊತ್ತು ಕಾರು ಸುಖುಮ್‌ವಿತ್ ರಸ್ತೆಯಲ್ಲಿ ನಿಂತೇ ಇರುತ್ತಿತ್ತು. ಐದನೇ ದಿನ ನಮ್ಮನ್ನು ಬೀಳ್ಕೊಡುವಾಗ ಅವಳ ಮುಖದಲ್ಲಿ ನಗು ಇತ್ತು, ಕಣ್ಣಲ್ಲಿ ನಿದ್ದೆ ಇತ್ತು.

ಎರಡನೇ ಸಲ ಹೋದಾಗ ಅವಳ ಹತ್ತಿರ ಕೇಳಿದ್ದು ಎರಡು ಸಂಜೆ, ಒಂದು ಬೆಳಗ್ಗೆ ಮಾತ್ರ. ಉಳಿದದ್ದು ನಾವೇ ಓಡಾಡಿದೆವು. ಊರು ಜಾಸ್ತಿ ನೋಡಿದ್ದು ಆ ಸಲವೇ. ಆಗ ಕಲಿತದ್ದನ್ನು ಹೋಗುವವರಿಗೆ ಉಪಯೋಗವಾಗುವ ಹಾಗೆ ಸಾಲಾಗಿ ಬರೆಯುತ್ತಿದ್ದೇನೆ.

1. ಟಿಕೆಟ್ ಮಾಡಿಸುವ ಮೊದಲು

"ನಾವು ಇಂಥ ದಿನ ಬರ್ತಿದ್ದೇವೆ" ಅಂತ ಹೇಳಬೇಡಿ. "ಯಾವ ವಾರ ನಿನಗೆ ಕೆಲಸ ಕಡಿಮೆ?" ಅಂತ ಕೇಳಿ. ಏಪ್ರಿಲ್ 13ರಿಂದ 15ರವರೆಗೆ ಸೋಂಗ್‌ಕ್ರಾನ್, ಅಂದರೆ ಅವರ ಹೊಸ ವರ್ಷ. ಹೆಸರು ನಮ್ಮ ಸಂಕ್ರಾಂತಿಯಿಂದಲೇ ಬಂದದ್ದು. ಬೀದಿಯಲ್ಲಿ ನೀರೆರಚುವ ಹಬ್ಬ ನೋಡೋಕೆ ಚೆನ್ನಾಗಿರುತ್ತೆ. ಆದರೆ ಯುಗಾದಿಗೆ ಬೆಂಗಳೂರು ಖಾಲಿಯಾಗುವ ಹಾಗೆ ಅಲ್ಲಿಯವರೂ ಬಸ್ಸು ರೈಲು ಹತ್ತಿ ಊರಿಗೆ ಹೋಗಿಬಿಡುತ್ತಾರೆ. ನಿಮ್ಮ ಗೆಳೆಯರೂ ಹೋಗಿರಬಹುದು. ಸಾಲದ್ದಕ್ಕೆ ಏಪ್ರಿಲ್ ಬಿಸಿಲು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ನವೆಂಬರಿನಿಂದ ಫೆಬ್ರವರಿವರೆಗೆ ಓಡಾಟಕ್ಕೆ ಒಳ್ಳೆಯದು.

ಹೋಟೆಲ್ ವಿಷಯಕ್ಕೆ "ಒಳ್ಳೆ ಹೋಟೆಲ್ ಯಾವುದು?" ಅಂತ ಕೇಳಿದರೆ ಪ್ರಯೋಜನ ಇಲ್ಲ. ತಮ್ಮ ಊರಿನ ಹೋಟೆಲಲ್ಲಿ ಯಾರು ಉಳಿದುಕೊಂಡಿರುತ್ತಾರೆ ಹೇಳಿ? ನಮ್ಮನ್ನು ಯಾರಾದರೂ ಮೆಜೆಸ್ಟಿಕ್ ಹತ್ತಿರ ಒಳ್ಳೆ ಲಾಡ್ಜ್ ಯಾವುದು ಅಂದರೆ ನಾವೂ ತಲೆ ಕೆರೆದುಕೊಳ್ಳುತ್ತೇವೆ. "ನಿಮ್ಮ ಮನೆಗೆ, ಆಫೀಸಿಗೆ ಯಾವ ಟ್ರೇನ್ ಲೈನು?" ಅಂತ ಕೇಳಿ. ಆ ಲೈನಿನ ಯಾವುದಾದರೂ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದು ಹೋಗುವಷ್ಟು ದೂರದಲ್ಲಿ ರೂಮು ಹಿಡಿಯಿರಿ. ಕೆಲಸ ಮುಗಿಸಿಕೊಂಡು ಅವರು ಬಂದು ಸೇರೋದಕ್ಕೂ ಸುಲಭ.

ಕಾಗದ ಪತ್ರದ ಮಾತು ಬೇಗ ಮುಗಿಸಿಬಿಡುತ್ತೇನೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಆದ್ದರಿಂದ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಯೇ ಹೊರಡಿ. 2025ರ ಮೇ 1ರಿಂದ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಫಾರ್ಮ್ ಬಂದಿದೆ. ಇಳಿಯುವ ಮುಂಚಿನ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ಸೈಟು ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಇನ್ನೊಂದು, ಅಲ್ಲಿ ವಾಟ್ಸಾಪ್ ಬಳಸುವವರು ಕಡಿಮೆ. ಎಲ್ಲರದ್ದೂ ಲೈನ್ ಅನ್ನುವ ಆ್ಯಪ್. ಅದನ್ನು ಇಲ್ಲಿರುವಾಗಲೇ ಹಾಕಿಕೊಳ್ಳಿ. ಓಟಿಪಿ ನಮ್ಮ ನಂಬರಿಗೆ ಬರುತ್ತದೆ. ಅಲ್ಲಿ ಹೋಗಿ ಸಿಮ್ ಬದಲಾಯಿಸಿದ ಮೇಲೆ ಒದ್ದಾಡಬೇಕಾಗುತ್ತೆ.

2. ಗೆಳೆಯರ ಹತ್ತಿರ ಮೊದಲೇ ಬರೆಸಿಕೊಳ್ಳಬೇಕಾದ ಎರಡು ಚೀಟಿ

ಒಂದು, ನಿಮ್ಮ ಹೋಟೆಲಿನ ಹೆಸರು ಮತ್ತು ವಿಳಾಸ, ಥಾಯ್ ಲಿಪಿಯಲ್ಲಿ. ಒಂದೇ ಜಾಗವನ್ನು ಇಂಗ್ಲಿಷಿನಲ್ಲಿ ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ ಬರೆದಿರುತ್ತಾರೆ. ನಮ್ಮ ಯಶವಂತಪುರದ ಸ್ಪೆಲ್ಲಿಂಗ್ ಕಥೆಯೇ. ನಾವು ಓದಿ ಹೇಳಿದ್ದು ಟ್ಯಾಕ್ಸಿಯವನಿಗೆ ಅರ್ಥವಾಗೋದಿಲ್ಲ. ಥಾಯ್ ಭಾಷೆಯಲ್ಲಿ ಒಂದೇ ಅಕ್ಷರವನ್ನು ಐದು ಸ್ವರದಲ್ಲಿ ಎತ್ತಿ ಇಳಿಸಿ ಹೇಳುತ್ತಾರೆ. ಸ್ವರ ತಪ್ಪಿದರೆ ಪದವೇ ಬೇರೆ.

ಎರಡನೆಯದು ಸಸ್ಯಾಹಾರಿಗಳಿಗೆ. "ನಾನು ಮಾಂಸ, ಮೀನು, ಸೀಗಡಿ, ಮೊಟ್ಟೆ ತಿನ್ನೋದಿಲ್ಲ. ಮೀನಿನ ಸಾಸು, ಸೀಗಡಿ ಪೇಸ್ಟು ಕೂಡ ಬೇಡ" ಅಂತ ಥಾಯ್‌ನಲ್ಲಿ ಬರೆಸಿಕೊಂಡು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಬರಿ "ಸಸ್ಯಾಹಾರಿ" ಅಂದರೆ ಸಾಲದು. ಯಾಕೆ ಅನ್ನೋದು ಮುಂದೆ ಬರುತ್ತದೆ.

3. ಮೊದಲ ದಿನ ಯಾರನ್ನೂ ಕರೆಯಬೇಡಿ

ಬೆಂಗಳೂರಿನಿಂದ ವಿಮಾನ ಹತ್ತಿರ ಹತ್ತಿರ ನಾಲ್ಕು ಗಂಟೆ. ಗಡಿಯಾರ ಒಂದೂವರೆ ಗಂಟೆ ಮುಂದೆ ತಿರುಗಿಸಬೇಕು. ರಾತ್ರಿ ಹೊರಟರೆ ಬೆಳಗಿನ ಜಾವ ಸುವರ್ಣಭೂಮಿಯಲ್ಲಿ ಇಳಿಯುತ್ತೀರಿ. ಹೌದು, ವಿಮಾನ ನಿಲ್ದಾಣದ ಹೆಸರೇ ಅದು. ಅವರ ಬಾಯಲ್ಲಿ ಮಾತ್ರ "ಸುವನ್ನಪೂಮ್". ಬೋರ್ಡು ನೋಡಿದಾಗ ನಮ್ಮ ಭಾಷೆ ಅನಿಸುತ್ತದೆ, ಅನೌನ್ಸ್‌ಮೆಂಟ್ ಕೇಳಿದಾಗ ಅಲ್ಲ ಅನಿಸುತ್ತದೆ. ಈ ಆಟ ಊರು ಬಿಡುವವರೆಗೂ ನಡೆಯುತ್ತೆ. ಸ್ಟೇಷನ್ನಿಗೆ "ಸಥಾನಿ", ಊಟಕ್ಕೆ "ಆಹಾನ್", ಭಾಷೆಗೆ "ಫಾಸಾ", ನಗರಕ್ಕೆ "ನಖೋನ್".

"ಏರ್‌ಪೋರ್ಟಿಗೆ ಬರ್ತೀನಿ" ಅಂತ ಗೆಳೆಯರು ಹೇಳಿಯೇ ಹೇಳುತ್ತಾರೆ. ಬೇಡ ಅನ್ನಿ. ಏರ್‌ಪೋರ್ಟ್ ರೈಲ್ ಲಿಂಕ್ ಅರ್ಧ ಗಂಟೆಯಲ್ಲಿ ಫಯಾ ಥೈ ಸ್ಟೇಷನ್ನಿಗೆ ತಂದು ಬಿಡುತ್ತದೆ. ಕೊನೆಯವರೆಗೂ 45 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಒಳಗೆ. ಅಲ್ಲಿಂದ ಬಿಟಿಎಸ್, ಅಂದರೆ ಮೇಲ್ಸೇತುವೆ ಮೇಲೆ ಓಡುವ ರೈಲು ಹಿಡಿಯಬಹುದು. ಲಗೇಜು ಜಾಸ್ತಿ ಇದ್ದರೆ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ಚೀಟಿ ತಗೊಂಡು ಮೀಟರ್ ಟ್ಯಾಕ್ಸಿ ಹತ್ತಿ. ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಟೋಲ್ ಇದ್ದರೆ ಅದೂ ನಿಮ್ಮದೇ. ಅದು ಮೋಸ ಅಲ್ಲ, ನಿಯಮವೇ ಹಾಗೆ.

ಬಿಟಿಎಸ್ 1999ರಲ್ಲಿ, ನೆಲದಡಿಯ ಎಂಆರ್‌ಟಿ 2004ರಲ್ಲಿ ಶುರುವಾದವು. ಎರಡನ್ನೂ ನಡೆಸುವವರು ಬೇರೆ. ಎಂಆರ್‌ಟಿ ಬ್ಲೂ ಲೈನಿನಲ್ಲಿ ವಿದೇಶದಲ್ಲಿ ನಡೆಯುವ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು. ಬಿಟಿಎಸ್‌ಗೆ ಮಷೀನಿನಲ್ಲಿ ಟಿಕೆಟ್ ತಗೊಳ್ಳಿ, ಇಲ್ಲವೇ ದುಡ್ಡು ತುಂಬಿಸಿ ಬಳಸುವ ರ‍್ಯಾಬಿಟ್ ಕಾರ್ಡ್ ಮಾಡಿಸಿ. ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಯುಪಿಐ ಎಲ್ಲ ಕಡೆ ನಡೆಯುತ್ತೆ ಅಂದುಕೊಂಡು ಹೋಗಬೇಡಿ. ತಳ್ಳುಗಾಡಿಗೆ, ದೋಣಿಗೆ ಚಿಲ್ಲರೆ ಬೇಕೇ ಬೇಕು.

ಮೊದಲ ದಿನ ಹೋಟೆಲಿನ ಸುತ್ತ ಅರ್ಧ ಕಿಲೋಮೀಟರ್ ಸುಮ್ನೆ ನಡೆಯಿರಿ. ಹಣ್ಣು ಎಲ್ಲಿ ಸಿಗುತ್ತೆ, ನೀರು ಎಲ್ಲಿ ಸಿಗುತ್ತೆ, ಯಾವ ಗಲ್ಲಿಯಿಂದ ಸ್ಟೇಷನ್ ಹತ್ತಿರ ಅಂತ ನೋಡಿಕೊಳ್ಳಿ. ಸಂಜೆ ಗೆಳೆಯರಿಗೆ ಮೆಸೇಜ್ ಹಾಕುವಾಗ ಕೇಳೋದಕ್ಕೆ ನಿಮ್ಮ ಹತ್ತಿರ ಪ್ರಶ್ನೆ ಇರುತ್ತವೆ.

4. ಎಲ್ಲಿ ಸೇರೋದು: ಎಕ್ಸಿಟ್ ನಂಬರ್ ಬರೆದುಕೊಳ್ಳಿ

ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಶನಿವಾರ ಬೆಳಗ್ಗೆ ಚತುಚಕ್ ಸಂತೆಯಲ್ಲಿ ಸೇರೋಣ ಅಂತ ಮಾತಾಗಿತ್ತು. ಎಂಆರ್‌ಟಿಯಲ್ಲಿ "ಚತುಚಕ್ ಪಾರ್ಕ್" ಅನ್ನುವ ಸ್ಟೇಷನ್ ಇದೆ, ಅಲ್ಲಿ ಇಳಿದು ನಿಂತೆ. ಸಂತೆಯ ಒಳಕ್ಕೇ ಬಾಯಿ ತೆರೆಯುವ ಸ್ಟೇಷನ್ ಅದರ ಮುಂದಿನದು, ಕಂಫೇಂಗ್ ಫೆತ್, ಎಕ್ಸಿಟ್ 2. ಗೆಳತಿ ಅಲ್ಲಿದ್ದಳು. ಬಿಟಿಎಸ್‌ನಲ್ಲಿ ಬಂದ ಅವಳ ಅಕ್ಕ ಮೋ ಚಿತ್‌ನಲ್ಲಿ ಇಳಿದಿದ್ದಳು. ಒಂದೇ ಸಂತೆ, ಮೂರು ಸ್ಟೇಷನ್, ಮೂರು ಜನ. ನಲವತ್ತು ನಿಮಿಷ ಆ ಬಿಸಿಲಲ್ಲಿ ಒಬ್ಬರನ್ನೊಬ್ಬರು ಹುಡುಕಿದೆವು. ಆಮೇಲೆ ಅವಳ ಅಕ್ಕ ಒಂದು ಪಾಠ ಹೇಳಿದಳು: ಸಂತೆಯ ನಡುವೆ ಗಡಿಯಾರದ ಗೋಪುರ ಇದೆ, ತಪ್ಪಿಸಿಕೊಂಡರೆ ಅಲ್ಲಿಗೆ ಬಾ. ಸಾವಿರಾರು ಅಂಗಡಿಯ ಆ ಸಂತೆಯಲ್ಲಿ ತಲೆ ಎತ್ತಿ ನೋಡಿದರೆ ಕಾಣುವ ಗುರುತು ಅದೊಂದೇ.

ಸೋಯ್ ಲೆಕ್ಕವೂ ಗೊತ್ತಿರಲಿ. ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಗೆ ಸೋಯ್ ಅನ್ನುತ್ತಾರೆ. ಒಂದು ಬದಿಗೆ ಬೆಸ ಸಂಖ್ಯೆ, ಎದುರು ಬದಿಗೆ ಸಮ ಸಂಖ್ಯೆ. ಆದರೆ ಎರಡೂ ಬದಿಯ ಎಣಿಕೆ ಒಟ್ಟಿಗೆ ಸಾಗೋದಿಲ್ಲ. ಸುಖುಮ್‌ವಿತ್‌ನಲ್ಲಿ 55ನೇ ಸೋಯ್‌ ಎದುರಿಗೆ 38ನೇ ಸೋಯ್ ಇದೆ. 63ರ ಎದುರಿಗೆ 42. "54 ಅಲ್ವಾ, 55ರ ಎದುರಿಗೇ ಇರುತ್ತೆ" ಅಂತ ಹೊರಟರೆ ಮೂರು ಸ್ಟೇಷನ್ನಿಗೂ ಆಚೆ ನಡೆಯಬೇಕು. ಕೆಲವು ಸೋಯ್‌ಗೆ ನಂಬರೂ ಇದೆ, ಹೆಸರೂ ಇದೆ. 55ನ್ನು ಥೋಂಗ್ ಲೋ ಅನ್ನುತ್ತಾರೆ, 63ನ್ನು ಏಕಮೈ. ಗೆಳೆಯರು ಹೆಸರು ಹೇಳುತ್ತಾರೆ, ಮ್ಯಾಪು ನಂಬರ್ ತೋರಿಸುತ್ತದೆ. ಎರಡನ್ನೂ ಕೇಳಿಟ್ಟುಕೊಳ್ಳಿ.

ಉದ್ದನೆ ಸೋಯ್ ಬಾಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕ್‌ನವರು ಸಾಲಾಗಿ ಕೂತಿರುತ್ತಾರೆ. "ವಿನ್" ಅಂತ ಕರೆಯುತ್ತಾರೆ. ಎಲ್ಲಿಗೆ ಎಷ್ಟು ಅಂತ ಬೋರ್ಡು ಹಾಕಿರುತ್ತದೆ. ಬ್ಯಾಂಕಾಕಿನವರು ಸ್ಟೇಷನ್ನಿನಿಂದ ಮನೆಗೆ ಹೋಗೋದು ಹೀಗೆಯೇ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ, ಮೊಣಕಾಲು ಒಳಗೆ ಎಳೆದುಕೊಳ್ಳಿ. ಎರಡು ಬಸ್ಸಿನ ನಡುವೆ ಅವನು ಬೈಕ್ ನುಗ್ಗಿಸುವಾಗ ನನಗಂತೂ ಕುಲದೇವರು ನೆನಪಾದರು.

5. ಗೆಳೆಯರೊಂದಿಗೆ ಹೋಗಲೇಬೇಕಾದ ಒಂದು ಸವಾರಿ

ಚಾವೊ ಫ್ರಯಾ ನದಿಯ ದೋಣಿ ನೀವೇ ಹತ್ತಬಹುದು. ಬಿಟಿಎಸ್‌ನಲ್ಲಿ ಸಫಾನ್ ತಕ್ಸಿನ್ ಇಳಿದರೆ ಪಕ್ಕದಲ್ಲೇ ಸಾಥೋನ್ ಕಟ್ಟೆ. ಕಿತ್ತಳೆ ಬಾವುಟದ ದೋಣಿಗೆ ಎಲ್ಲಿಗೆ ಹೋದರೂ ಒಂದೇ ದರ, ನಾವು ಹೋದಾಗ 16 ಬಾತ್ ಇತ್ತು. ಕಟ್ಟೆಯಲ್ಲಿ ಪ್ರವಾಸಿಗಳ ದೋಣಿಯ ಟಿಕೆಟ್ ಮಾರುವವರು ಮೊದಲು ಮಾತಾಡಿಸುತ್ತಾರೆ. ನಕ್ಕು ಮುಂದೆ ಹೋಗಿ.

ಆದರೆ ಸೇನ್ ಸೇಬ್ ಕಾಲುವೆಯ ದೋಣಿಗೆ ಮೊದಲ ಸಲ ಯಾರಾದರೂ ಊರಿನವರು ಜೊತೆಗಿರಲಿ. ಈ ಕಾಲುವೆ ತೋಡೋದು 1837ರಲ್ಲಿ ಶುರುವಾಯಿತು, ಮೂರನೇ ರಾಮ ಅನ್ನುವ ಥಾಯ್ ದೊರೆಯ ಕಾಲದಲ್ಲಿ. ಈಗ ಊರಿನ ನಟ್ಟನಡುವೆ ಟ್ರಾಫಿಕ್ ಇಲ್ಲದ ರಸ್ತೆ ಅಂದರೆ ಇದೊಂದೇ. ನೀರು ಕಪ್ಪು, ವಾಸನೆಯೂ ಇದೆ. ಆಫೀಸಿಗೆ ಹೋಗುವವರು, ಸ್ಕೂಲಿನ ಮಕ್ಕಳು, ತರಕಾರಿ ಚೀಲದ ಹೆಂಗಸರು ಎಲ್ಲ ಇದರಲ್ಲೇ.

ದೋಣಿ ಕಟ್ಟೆಗೆ ತಾಗಿ ಪೂರ್ತಿ ನಿಲ್ಲೋದೇ ಇಲ್ಲ. ಹಗ್ಗ ಹಿಡಿದು ಕಾಲಿಟ್ಟು ಒಳಗೆ ಧುಮುಕಬೇಕು. ನಾನು ಅನುಮಾನಿಸುತ್ತ ನಿಂತೆ, ಗೆಳತಿ ತೋಳು ಹಿಡಿದು ಎಳೆದಳು. ಕೂತಮೇಲೆ ನೋಡಿದರೆ ಅಂಚಿನಲ್ಲಿ ಕೂತವರೆಲ್ಲ ಒಂದೊಂದು ಹಗ್ಗ ಹಿಡಿದಿದ್ದಾರೆ. ಎದುರಿನಿಂದ ಇನ್ನೊಂದು ದೋಣಿ ಬಂದದ್ದೇ ಎಲ್ಲರೂ ಹಗ್ಗ ಜಗ್ಗಿದರು, ನೀಲಿ ಟಾರ್ಪಾಲು ಮೇಲೆದ್ದಿತು, ನೀರು ಅದಕ್ಕೆ ಬಡಿದು ಹಿಂದೆ ಹೋಯಿತು. ಯಾರೂ ಫೋನಿನಿಂದ ತಲೆ ಎತ್ತಲಿಲ್ಲ. ನನ್ನ ಪಾಲಿನ ಹಗ್ಗ ನಾನು ಜಗ್ಗಿರಲಿಲ್ಲ. ನಾನೂ ಒದ್ದೆ, ನನ್ನ ಹಿಂದಿನ ಅಜ್ಜಿಯೂ ಒದ್ದೆ. ಅಜ್ಜಿ ಏನೋ ಅಂದಳು. ಗೆಳತಿ ಅನುವಾದ ಮಾಡಲಿಲ್ಲ. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ದುಡ್ಡು ಇಸಕೊಳ್ಳುತ್ತಾನೆ. ಸೇತುವೆ ಬಂದರೆ ತಲೆ ತಗ್ಗಿಸುತ್ತಾನೆ.

ಪ್ರತುನಾಮ್ ಕಟ್ಟೆಯಲ್ಲಿ ದೋಣಿ ಬದಲಿಸಬೇಕು. ಅಲ್ಲಿಂದ ಹಳೆ ಊರಿನ ಕಡೆಗೆ ಹೋಗಬಹುದು. ಕತ್ತಲಾದ ಮೇಲೆ ನಂಬಿಕೊಳ್ಳಬೇಡಿ, ಸಂಜೆಗೇ ಕೊನೆ ದೋಣಿ.

6. ಊಟ: ಇಲ್ಲೇ ಗೆಳೆಯರು ಬೇಕಾಗೋದು

ಅರಮನೆ ತೋರಿಸೋಕೆ ಗೆಳೆಯರು ಬೇಡ, ತಟ್ಟೆಯಲ್ಲಿ ಏನಿದೆ ಅಂತ ಹೇಳೋಕೆ ಬೇಕು. ಥಾಯ್ ಅಡುಗೆಯಲ್ಲಿ ನಮ್ಮ ಉಪ್ಪಿನ ಜಾಗದಲ್ಲಿ ನಾಮ್ ಪ್ಲಾ, ಅಂದರೆ ಮೀನಿನ ಸಾಸು ಇರುತ್ತದೆ. ಕರಿ ಪೇಸ್ಟಿನಲ್ಲಿ ಕಪಿ, ಅಂದರೆ ಸೀಗಡಿ ಪೇಸ್ಟು. ಹೆಸರು ಕೇಳಿ ಹೆದರಬೇಡಿ, ನಮ್ಮ ಕಪಿಗೂ ಅದಕ್ಕೂ ಸಂಬಂಧ ಇಲ್ಲ. ಬರಿ ತರಕಾರಿಯ ಪಲ್ಯದಂತೆ ಕಂಡರೂ ಒಳಗೆ ಇವೆರಡರಲ್ಲಿ ಒಂದು ಇರುತ್ತದೆ. ಮಾಡುವವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ, ಮಸಾಲೆ.

ಎರಡು ಪದ ಕಲಿಯಿರಿ. "ಮಾಂಗ್‌ಸವಿರತ್", ಬಿಡಿಸಿದರೆ ಮಾಂಸವಿರತಿ. ಇದರಲ್ಲಿ ಮೊಟ್ಟೆ ಇರಬಹುದು. "ಜೇ" ಇನ್ನೂ ಕಟ್ಟುನಿಟ್ಟು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮನೆಯ ಹಿರಿಯರಿಗೆ ಹೇಳಿ ಮಾಡಿಸಿದ್ದು ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದಿದ್ದರೆ ಅದು ಜೇ ಅಂಗಡಿ. ಆ ಅಕ್ಷರವನ್ನು ಗೆಳೆಯರ ಹತ್ತಿರ ಬರೆಸಿ ನೋಡಿಟ್ಟುಕೊಂಡರೆ ಮುಂದೆ ಊರಿಡೀ ಕಾಣುತ್ತದೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಒಂಬತ್ತು ದಿನ ಜೇ ಹಬ್ಬ ಇರುತ್ತದೆ. ಆಗ ಚೀನೀ ಕೇರಿ ಯಾವರಾತ್ ತುಂಬ ಇದೇ ಬಾವುಟ.

ಪಪ್ಪಾಯಿ ಕೋಸಂಬರಿ, ಅಂದರೆ ಸೋಮ್ ತಮ್, ಕಣ್ಣೆದುರೇ ಒರಳಲ್ಲಿ ಕುಟ್ಟಿ ಕೊಡುತ್ತಾರೆ. ಒಣ ಸೀಗಡಿ, ಮೀನಿನ ಸಾಸು ಬೇಡ ಅನ್ನಬಹುದು. "ಮೈ ಸೈ ನಾಮ್ ಪ್ಲಾ" ಅಂದರೆ ಮೀನಿನ ಸಾಸು ಹಾಕಬೇಡಿ ಅಂತ. ಆದರೆ ಒರಳು ಒಂದೇ. ಅದು ನಿಮಗೆ ಆಗೋದಿಲ್ಲ ಅಂದರೆ ಬಿಟ್ಟುಬಿಡಿ. ಖಾರದ ವಿಷಯದಲ್ಲಿ ಜಂಬ ಬೇಡ. ನಾನು ಹಾಸನದವನು, ಹಸಿಮೆಣಸಿನಕಾಯಿ ಕಡಿದುಕೊಂಡು ಊಟ ಮಾಡಿದವನು ಅಂತ ಹೇಳಿ ತರಿಸಿಕೊಂಡೆ. ಮೂರನೇ ಚಮಚಕ್ಕೆ ಮಾತು ನಿಂತಿತು.

ನನ್ನ ಹೆಂಡತಿಗೆ ಇಡೀ ಊರಿನಲ್ಲಿ ಹಿಡಿಸಿದ್ದು ಒಂದು ತಳ್ಳುಗಾಡಿ. ದುಂಡು ಗುಳಿಯ ಕಾವಲಿ, ಥೇಟ್ ನಮ್ಮ ಪಡ್ಡಿನದೇ. ಅಕ್ಕಿಹಿಟ್ಟು, ತೆಂಗಿನ ಹಾಲಿನ ಸಿಹಿ ಹಿಟ್ಟನ್ನು ಗುಳಿಗೆ ಹೊಯ್ದು ಮುಚ್ಚಳ ಮುಚ್ಚುತ್ತಾರೆ. ಮೇಲೆ ಈರುಳ್ಳಿ ಸೊಪ್ಪು ಅಥವಾ ಜೋಳ. ಪಡ್ಡಿನ ಹಾಗೆ ತಿರುವಿ ಹಾಕೋದಿಲ್ಲ. ಚಮಚದಿಂದ ಅರ್ಧಗಳನ್ನು ಎಬ್ಬಿಸಿ ಒಂದರ ಮೇಲೊಂದು ಕವುಚಿ ಜೋಡಿ ಮಾಡಿ ಕೊಡುತ್ತಾರೆ. ತಳ ಗರಿಗರಿ, ಒಳಗೆ ಇನ್ನೂ ಹರಿಯುವ ತೆಂಗಿನ ಹಾಲು. ಹೆಸರು ಖನೋಮ್ ಕ್ರೋಕ್. ಇವಳು ಫೋನಿನಲ್ಲಿ ನಮ್ಮ ಮನೆಯ ಪಡ್ಡಿನ ಫೋಟೋ ತೆಗೆದು ತೋರಿಸಿದಳು. ಗಾಡಿಯಾಕೆ ಫೋಟೋ ನೋಡಿದಳು, ಪಕ್ಕದ ಗಾಡಿಯವಳನ್ನು ಕರೆದು ತೋರಿಸಿದಳು, ಆಮೇಲೆ ಎರಡು ಜೋಡಿ ಜಾಸ್ತಿ ಹಾಕಿ ಕೊಟ್ಟಳು. ಬಿಸಿ ನೋಡಿಕೊಳ್ಳಿ, ನಾಲಿಗೆ ಸುಡುತ್ತೆ.

ಹಾಗೇ ಮಾವಿನಹಣ್ಣು, ಅಂಟನ್ನ, ತೆಂಗಿನ ಹಾಲು ಸೇರಿಸಿದ ಖಾವ್ ನಿಯಾವ್ ಮಾಮುವಾಂಗ್. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ಫೋರ್ಕು ಎಡಗೈಯಲ್ಲಿ, ಚಮಚ ಬಲಗೈಯಲ್ಲಿ. ಬಾಯಿಗೆ ಹೋಗೋದು ಚಮಚ ಮಾತ್ರ.

ಇನ್ನು ಅನ್ನ ಸಾರು ಬೇಕೇ ಬೇಕು ಅನ್ನುವವರಿಗೆ ಪಾಹುರತ್ ಇದೆ, ಅಲ್ಲಿನ ಪುಟ್ಟ ಭಾರತ. ಬಟ್ಟೆ ಅಂಗಡಿಗಳ ನಡುವೆ ದೊಡ್ಡ ಗುರುದ್ವಾರ. ಸೀಲೋಮ್ ಕಡೆ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಿದೆ. ನವರಾತ್ರಿಯಲ್ಲಿ ಅಲ್ಲಿ ಸಾಲು ನಿಲ್ಲುವವರಲ್ಲಿ ಥಾಯ್ ಜನ, ಚೀನೀ ಮೂಲದವರೇ ಜಾಸ್ತಿ ಕಾಣುತ್ತಾರೆ.

7. ಅವರ "ಹೂಂ" ಯಾವಾಗಲೂ "ಹೂಂ" ಅಲ್ಲ

ಥಾಯ್ ಭಾಷೆಯಲ್ಲಿ "ಕ್ರೆಂಗ್ ಜೈ" ಅಂತ ಒಂದು ಮಾತಿದೆ. ಇಂಗ್ಲಿಷಿನವರು ಅದನ್ನು ವಿವರಿಸೋಕೆ ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಒಂದೇ ಪದ ಸಾಕು: ದಾಕ್ಷಿಣ್ಯ. ಎದುರಿನವರಿಗೆ ಬೇಜಾರಾಗಬಾರದು, ತೊಂದರೆ ಕೊಡಬಾರದು, ಇಲ್ಲ ಅನ್ನಬಾರದು. "ನಾಳೆ ಹಳೆ ರಾಜಧಾನಿ ಅಯುತ್ಥಯಕ್ಕೆ ಕರೆದುಕೊಂಡು ಹೋಗ್ತೀಯಾ?" ಅಂದರೆ "ಆಗಬಹುದು" ಅಂತಾರೆ, ಆಮೇಲೆ ಬಾಸ್ ಹತ್ತಿರ ರಜೆಗೆ ಬೇಡಿಕೊಳ್ಳುತ್ತಾರೆ.

ಆದ್ದರಿಂದ ಹೌದು ಇಲ್ಲ ಅನ್ನುವ ಪ್ರಶ್ನೆ ಕೇಳಬೇಡಿ. ಎರಡು ಆಯ್ಕೆ ಕೊಡಿ. "ಗುರುವಾರ ಸಂಜೆ ಊಟಕ್ಕೆ ಸಿಗೋಣವಾ, ಭಾನುವಾರ ಬೆಳಗ್ಗೆ ಸಂತೆಗಾ? ಉಳಿದ ದಿನ ನಮಗೆ ನಮ್ಮದೇ ಓಡಾಟ ಇದೆ." ಹೀಗಂದರೆ ಅವರಿಗೆ ಆಯ್ಕೆ ಮಾಡೋದು ಸುಲಭ. "ನೋಡೋಣ", "ಸ್ವಲ್ಪ ದೂರ ಅಲ್ವಾ", "ಬಿಸಿಲು ಜಾಸ್ತಿ" ಅಂದರೆ ಅದು ಬೇಡ ಅಂತಲೇ. ಇದು ನಮಗೆ ಹೊಸದಲ್ಲ. "ಮುಂದಿನ ಸಲ ಖಂಡಿತ ಬರ್ತೀವಿ" ಅಂತ ನಾವು ಎಷ್ಟು ಮದುವೆ ತಪ್ಪಿಸಿಲ್ಲ?

ಕರೆಯುವ ರೀತಿಯೂ ನಮ್ಮದೇ. ದೊಡ್ಡವರಿಗೆ "ಪೀ", ಚಿಕ್ಕವರಿಗೆ "ನೊಂಗ್". ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲ ಇದರೊಳಗೇ. ಹೋಟೆಲಿನ ಮಾಣಿಯನ್ನೂ ಹೀಗೆಯೇ ಕರೆಯಬಹುದು. ಮಾತಿನ ಕೊನೆಗೆ ಗಂಡಸರು "ಖ್ರಾಪ್" ಅನ್ನುತ್ತಾರೆ, ಹೆಂಗಸರು "ಖಾ". ನಾನು ಗೆಳತಿಯಿಂದ ಕಲಿತದ್ದರಿಂದ ಎರಡು ದಿನ ಎಲ್ಲರಿಗೂ "ಖಾ" ಅಂತಿದ್ದೆ. ಯಾರೂ ತಿದ್ದಲಿಲ್ಲ. ದಾಕ್ಷಿಣ್ಯ!

8. ಬಿಲ್ಲು ಯಾರು ಕೊಡೋದು

ಸಾಮಾನ್ಯವಾಗಿ ಕರೆದವರು ಅಥವಾ ವಯಸ್ಸಿನಲ್ಲಿ, ಹುದ್ದೆಯಲ್ಲಿ ದೊಡ್ಡವರು ಕೊಡುತ್ತಾರೆ. ಸಮ ವಯಸ್ಸಿನವರು ಹಂಚಿಕೊಂಡರೆ ಅದಕ್ಕೆ "ಅಮೆರಿಕನ್ ಶೇರ್" ಅಂತ ಹೆಸರು. ಕೌಂಟರಿನಲ್ಲಿ ಕೈ ತಳ್ಳಾಡುವ ನಮ್ಮ ಜಗಳ ಅಲ್ಲಿ ಬೇಡ. ಮೊದಲ ಊಟ ಅವರದ್ದಾಗಲಿ. ಆಮೇಲಿನ ಐಸ್ ಟೀ, ಹಣ್ಣು, ಟ್ಯಾಕ್ಸಿ ನಿಮ್ಮದು. ಕೊನೆ ದಿನ "ಇವತ್ತು ನಾವು ಕರೆಯುತ್ತಿದ್ದೇವೆ" ಅಂತ ಮೆಸೇಜಿನಲ್ಲೇ ಹೇಳಿ ಒಂದು ಊಟ ಕೊಡಿಸಿ.

ಮನೆಗೆ ಕರೆದರೆ ಚಪ್ಪಲಿ ಹೊರಗೆ, ಹಿರಿಯರಿಗೆ ಕೈ ಮುಗಿಯೋದು, ಕಾಲು ಯಾರ ಕಡೆಗೂ ಚಾಚದೆ ಕೂರೋದು. ನಮಗೆ ಹೇಳಿಕೊಡಬೇಕಾದ್ದೇನಿಲ್ಲ. ಮೈಸೂರ್ ಸ್ಯಾಂಡಲ್ ಸೋಪು, ಚನ್ನಪಟ್ಟಣದ ಗೊಂಬೆ ಒಳ್ಳೆ ಉಡುಗೊರೆ. ಎದುರಿಗೇ ಬಿಚ್ಚಿ ನೋಡದೆ ಪಕ್ಕಕ್ಕೆ ಇಟ್ಟರೆ ಬೇಜಾರಾಗಬೇಡಿ, ಅದು ಅವರ ಮರ್ಯಾದೆ.

ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸ್ಟೇಷನ್ನು, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಎಲ್ಲರೂ ನಿಂತರೆ ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡೋದು ಅಲ್ಲಿ ಜೈಲಿಗೆ ಕಳಿಸುವ ಅಪರಾಧ. ಗೆಳೆಯರನ್ನು ಆ ಮಾತಿಗೆ ಎಳೆಯಲೇಬೇಡಿ. ಇ-ಸಿಗರೇಟೂ ಕಾನೂನುಬಾಹಿರ.

9. ಅರಮನೆ, ದೇವಸ್ಥಾನ: ನೀವೇ ಹೋಗಿ

ಗ್ರ್ಯಾಂಡ್ ಪ್ಯಾಲೇಸ್‌ಗೆ ವಿದೇಶಿಯರಿಗೆ 500 ಬಾತ್, ಥಾಯ್ ಜನರಿಗೆ ಉಚಿತ. ಅವರು ಸ್ಕೂಲಿನ ಟೂರಿನಲ್ಲೇ ನೋಡಿರುತ್ತಾರೆ. ಎಂಆರ್‌ಟಿಯಲ್ಲಿ ಸನಾಮ್ ಚೈ ಇಳಿದು ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವಾಗಲೇ ಹೋಗಿ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಹೊರಗಡೆ ಯಾರಾದರೂ ಇಸ್ತ್ರಿ ಅಂಗಿಯವನು ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸ್ತೀನಿ, ತುಕ್‌ತುಕ್ ಅಗ್ಗ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ತುಕ್‌ತುಕ್ ಅನ್ನುವ ಅಲ್ಲಿನ ಆಟೋ ಕೊನೆಗೆ ನಿಲ್ಲೋದು ಹರಳಿನ ಅಂಗಡಿ ಮುಂದೆ. ಬಾಗಿಲ ತನಕ ಹೋಗಿ ಕಣ್ಣಾರೆ ನೋಡಿ.

ಒಳಗೆ ಪಚ್ಚೆ ಬುದ್ಧನ ಗುಡಿ ಸುತ್ತಲ ಮೊಗಸಾಲೆಯಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣದ 178 ಚಿತ್ರ ಇವೆ. ಇವುಗಳ ಫೋಟೋ ತೆಗೆದುಕೊಂಡು ಸಂಜೆ ಊಟಕ್ಕೆ ಸಿಕ್ಕಾಗ ಗೆಳೆಯರಿಗೆ ತೋರಿಸಿ. ನಾವು ಹಾಗೆ ಮಾಡಿದೆವು. ಹಸಿರು ಮುಖದ ರಾಕ್ಷಸನನ್ನು ತೋರಿಸಿ ಗೆಳತಿ "ತೋತ್ಸಕಾನ್" ಅಂದಳು. ಹೆಂಡತಿ ಒಂದು ಕ್ಷಣ ಯೋಚಿಸಿ "ದಶಕಂಠ!" ಅಂತ ಕೂಗಿದಳು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಆಮೇಲೆ ಹನುಮಂತನ ಮಾತು ಬಂತು. ಅಲ್ಲಿಯ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆಯನ್ನೇ ಪ್ರೀತಿಸುತ್ತಾನೆ. ನಮ್ಮೂರಿನ ಆಂಜನೇಯ ಹಾಗಲ್ಲ ಅಂತ ನಾನು, ಪಾಪ ಅವನಿಗೆ ಬೇಜಾರಾಗೋದಿಲ್ವಾ ಅಂತ ಅವಳ ಗಂಡ. ಹೋಟೆಲ್ ಮುಚ್ಚುವವರೆಗೂ ಅದೇ ಚರ್ಚೆ.

ಪಕ್ಕದ ವಾತ್ ಫೋ ದೇವಸ್ಥಾನದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ. ಎದುರು ದಡದ ವಾತ್ ಅರುಣ್‌ಗೆ ದಾಟು ದೋಣಿ ಇದೆ, ಐದೇ ಬಾತ್. ರಾಚಪ್ರಸೋಂಗ್ ಸಿಗ್ನಲಿನಲ್ಲಿ 1956ರಲ್ಲಿ ಕೂರಿಸಿದ ನಾಲ್ಕು ಮುಖದ ಬ್ರಹ್ಮ ಇದ್ದಾನೆ. ನಮ್ಮಲ್ಲಿ ಅಪರೂಪಕ್ಕೆ ಪೂಜೆ ಕಾಣುವ ದೇವರಿಗೆ ಅಲ್ಲಿ ಬಿಡುವೇ ಇಲ್ಲ.

10. ಹೊರಡುವ ದಿನ

ಗೆಳೆಯರ ಮನೆಯವರು ಏನಾದರೂ ಕಟ್ಟಿಕೊಡದೆ ಬಿಡೋದಿಲ್ಲ. ತಾಜಾ ದುರಿಯನ್ ಹಣ್ಣು ಮಾತ್ರ ಬೇಡ ಅನ್ನಿ. ಅದರ ವಾಸನೆಗೆ ಎಷ್ಟೋ ಹೋಟೆಲಿನವರು ಒಳಗೇ ಬಿಡೋದಿಲ್ಲ. ಚಿಪ್ಸ್ ಆದರೆ ಸರಿ.

ಮತ್ತು ಗೊಜ್ಜಿನಂಥದ್ದು ಏನೇ ಇರಲಿ, ಚೆಕ್‌ಇನ್ ಲಗೇಜಿಗೆ ಹಾಕಿ. ಗೆಳತಿಯ ಅಮ್ಮ ನಮಗೋಸ್ಕರ ಸೀಗಡಿ ಹಾಕದೆ, ಹೊಸ ಒರಳಲ್ಲಿ ಕುಟ್ಟಿ, ಒಂದು ಬಾಟಲಿ ನಾಮ್ ಫ್ರಿಕ್ ಮಾಡಿಕೊಟ್ಟಿದ್ದರು. ಅವರ ಮೆಣಸಿನಕಾಯಿ ಚಟ್ನಿ ಅದು. ಮೂರು ಪ್ಲಾಸ್ಟಿಕ್ ಕವರ್, ಮೇಲೆ ರಬ್ಬರ್ ಬ್ಯಾಂಡ್. ಒಡೆದು ಹೋದೀತು ಅಂತ ನಾನು ಕೈಚೀಲದಲ್ಲಿ ಇಟ್ಟುಕೊಂಡೆ. ಸೆಕ್ಯುರಿಟಿಯವರು ನಗುತ್ತಲೇ ಎತ್ತಿ ಬುಟ್ಟಿಗೆ ಹಾಕಿದರು. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅಮ್ಮ ಪಕ್ಕದಿಂದ ಕೇಳುತ್ತಾರೆ, ಮುಗೀತಾ, ಹೇಗಿತ್ತು ಅಂತ. ತುಂಬ ಚೆನ್ನಾಗಿತ್ತು ಅಂತ ಹೇಳುತ್ತಾ ಬಂದಿದ್ದೇವೆ. ಈಗ ಇನ್ನೊಂದು ಬಾಟಲಿ ಯಾರ ಕೈಲಾದರೂ ಕಳಿಸುತ್ತಾರಂತೆ.